ಕೊಟ್ಟಿಗೆಯಲ್ಲಿ ಸಿಕ್ಕ ಹಳೇ ಧಾನ್ಯದ ಗಾಡಿ: ಯಾವ ಕಂಪನಿಯದ್ದು, ಬೆಲೆ ಕಟ್ಟುವುದು ಹೇಗೆ?

ಹಳೇಕೊಟ್ಟಿಗೆ:

ಎಲ್ಲರಿಗೂ ನಮಸ್ಕಾರ. ನಾವು ಅಮೆರಿಕದ ಅಯೋವಾದಲ್ಲಿ ಸ್ವಲ್ಪ ಹೊಲದ ಜೊತೆ ಒಂದು ಹಳೇ ಮನೆ ಕೊಂಡಿದ್ದೇವೆ. ಹಿಂದೆ ದೊಡ್ಡ ಮರದ ಕೊಟ್ಟಿಗೆ ಇದೆ. ಅದರೊಳಗೆ ಹುಲ್ಲು, ಹಳೇ ತಗಡು, ಮುರಿದ ಏಣಿ ಎಲ್ಲಾ ತೆಗೆದಮೇಲೆ ಒಂದು ಗಾಡಿ ಕಾಣಿಸಿತು. ನಾಲ್ಕು ಮರದ ಗಾಲಿ, ಮೇಲೆ ಉದ್ದನೆ ಮರದ ಪೆಟ್ಟಿಗೆ. ಮನೆ ಮಾರಿದವರನ್ನು ಕೇಳಿದರೆ "ಅದು ಅಜ್ಜನ ಕಾಲದ್ದು, ಕಾಳು ಹೊರುತ್ತಿದ್ದರು, ನಿಮಗೇ ಇರಲಿ" ಅಂದರು. ಅಷ್ಟೇ ಗೊತ್ತು.

ಅಳತೆ ತೆಗೆದಿದ್ದೇನೆ. ಪೆಟ್ಟಿಗೆ ಒಳಗಡೆ 10 ಅಡಿ 6 ಇಂಚು ಉದ್ದ, 38 ಇಂಚು ಅಗಲ, 26 ಇಂಚು ಎತ್ತರ. ಪಕ್ಕದ ಹಲಗೆ ಎರಡು ಅಂತಸ್ತಾಗಿದೆ, ಕೆಳಗಿನದು 14 ಇಂಚು, ಮೇಲಿನದು 12. ಆದರೆ ಒಂದು ಪಕ್ಕ ಮಾತ್ರ ಅದರ ಮೇಲೂ ಮೂರು ಹಲಗೆ ಜಾಸ್ತಿ ಇದೆ, ಗೋಡೆ ತರಹ ನಿಂತಿದೆ. ಇನ್ನೊಂದು ಪಕ್ಕದ್ದು ಮುರಿದು ಹೋಗಿರಬೇಕು ಅಂತ ಹುಡುಕಿದೆ, ಸಿಗಲಿಲ್ಲ. ಮುಂದಿನ ಗಾಲಿ 44 ಇಂಚು, ಹಿಂದಿನದು 52. ಪೆಟ್ಟಿಗೆ ಹಸಿರು, ಕೆಳಗಿನ ಚೌಕಟ್ಟು ಕೆಂಪು, ಎರಡೂ ಮಾಸಿದೆ. ಅಚ್ಚಿನ ತುದಿಯಲ್ಲಿ ಕಬ್ಬಿಣದ ಮೇಲೆ 3¼ ಅಂತ ಇದೆ, ಅದು ಮಾಡೆಲ್ ನಂಬರ್ ಇರಬಹುದಾ? ಮೂಕಿಯನ್ನು, ಅಂದರೆ ಕುದುರೆ ಕಟ್ಟುವ ಮುಂದಿನ ಉದ್ದ ಮರವನ್ನು, ಯಾರೋ ಅರ್ಧಕ್ಕೆ ಕೊಯ್ದು ತುದಿಗೆ ಕಬ್ಬಿಣದ ಕೊಂಡಿ ಹಾಕಿದ್ದಾರೆ.

ಇನ್ನೊಂದು. ಹಿಂದಿನ ಬಾಗಿಲ ಹಲಗೆಯ ಒಳಗಡೆ ಪೆನ್ಸಿಲ್‌ನಲ್ಲಿ ಗೆರೆ ಎಳೆದಿದ್ದಾರೆ. ನಾಲ್ಕು ನಿಂತ ಗೆರೆ, ಐದನೆಯದು ಅಡ್ಡ. ಹೀಗೆ ಸಾಲು ಸಾಲಾಗಿ ಇದೆ. ಅದನ್ನು ನೋಡಿದಾಗಿನಿಂದ ನನಗೆ ಈ ಗಾಡಿ ಸುಮ್ನೆ ಕೊಟ್ಟುಬಿಡೋಕೆ ಮನಸ್ಸು ಬರುತ್ತಿಲ್ಲ.

ಯಾಕೆ ಕೇಳುತ್ತಿದ್ದೇನೆ ಅಂದರೆ, ಹೋದ ವಾರ ಒಬ್ಬರು ಬಂದು "ಪೆಟ್ಟಿಗೆ ಬೇಡ, ನಾಲ್ಕು ಗಾಲಿ ಕೊಡಿ, ತೋಟದ ಗೇಟಿಗೆ ಇಡುತ್ತೇವೆ, ಈಗಲೇ ದುಡ್ಡು ಕೊಡುತ್ತೇನೆ" ಅಂದರು. ನಮ್ಮವರು ಕೊಟ್ಟುಬಿಡೋಣ ಅನ್ನುತ್ತಾರೆ. ಯಾವ ಕಂಪನಿ, ಯಾವ ಕಾಲದ್ದು, ಬೆಲೆ ಹೇಗೆ ತಿಳಿಯುವುದು, ಬಣ್ಣ ಹೊಡೆಸಿದರೆ ಬೆಲೆ ಏರುತ್ತದಾ? ಗೊತ್ತಿರುವವರು ದಯವಿಟ್ಟು ಹೇಳಿ.

ಗಾಲಿಕೆಲಸ:

ಮೇಡಂ, ಮೊದಲು ಒಂದು ಮಾತು. ಗಾಲಿ ಕೊಡಬೇಡಿ. ಇವತ್ತಂತೂ ಕೊಡಬೇಡಿ. ಗಾಲಿ ಹೋದಮೇಲೆ ನಿಮ್ಮ ಹತ್ತಿರ ಉಳಿಯುವುದು ಸೌದೆ ಮತ್ತು ಗುಜರಿ, ಗಾಡಿ ಅಲ್ಲ. ಇಂಥದ್ದರ ಬೆಲೆ ಇರುವುದೇ ಎಲ್ಲಾ ಭಾಗ ಒಂದೇ ಕಡೆ ಇರುವುದರಲ್ಲಿ. ನಾನು ಹಳೇ ಗಾಲಿ ಕಟ್ಟುವ ಕೆಲಸ ಮಾಡುತ್ತೇನೆ. ಗಾಲಿ ಮಾರಿಬಿಟ್ಟು ಆಮೇಲೆ "ಇದಕ್ಕೆ ನಾಲ್ಕು ಗಾಲಿ ಮಾಡಿಕೊಡಿ" ಅಂತ ಬಂದವರನ್ನು ನೋಡಿದ್ದೇನೆ, ಹೊಸದು ಕಟ್ಟುವ ಖರ್ಚು ಕೇಳಿ ಅವರು ಅಲ್ಲೇ ಕೂತುಬಿಡುತ್ತಾರೆ.

ಈಗ ನಿಮ್ಮ ಪ್ರಶ್ನೆ. 3¼ ಮಾಡೆಲ್ ಅಲ್ಲ. ಮರದ ಅಚ್ಚಿನ ತುದಿ ಸವೆಯದ ಹಾಗೆ ಅದಕ್ಕೊಂದು ಎರಕದ ಕಬ್ಬಿಣದ ಕವಚ ತೊಡಿಸುತ್ತಾರೆ, ಟೋಪಿ ಹಾಕಿದ ಹಾಗೆ. ಅದರ ಹೆಸರು ಸ್ಕೀನ್. ಗಾಲಿಯ ನಡುವಿನ ಗುಂಬ ತಿರುಗುವುದು ಅದರ ಮೇಲೆ. 3¼ ಅನ್ನುವುದು ಅದರ ದಪ್ಪದ ಇಂಚು. ಪಕ್ಕದಲ್ಲಿ 10 ಅಂತಲೂ ಇದ್ದರೆ ಅದು ಉದ್ದ. ಗಾಡಿ ಎಷ್ಟು ಭಾರ ಹೊರುವ ಜಾತಿಯದ್ದು ಅನ್ನುವುದು ಇದರಿಂದ ತಿಳಿಯುತ್ತದೆ, ಕಂಪನಿ ತಿಳಿಯುವುದಿಲ್ಲ, ವರ್ಷವೂ ತಿಳಿಯುವುದಿಲ್ಲ.

ಬಣ್ಣವನ್ನೂ ನಂಬಬೇಡಿ. ಹಸಿರು ಪೆಟ್ಟಿಗೆ, ಕೆಂಪು ಚೌಕಟ್ಟು ಅಂದ ತಕ್ಷಣ ಎಲ್ಲರೂ ಜಾನ್ ಡಿಯರ್ ಅಂದುಬಿಡುತ್ತಾರೆ. ಆದರೆ ಆ ಜೋಡಿ ಬಣ್ಣವನ್ನು ಎಷ್ಟೋ ಕಂಪನಿಗಳು ಹೊಡೆಯುತ್ತಿದ್ದವು, ಸ್ಟೂಡ್‌ಬೇಕರ್ ಕೂಡ.

ಹೆಸರು ಹುಡುಕಬೇಕಾದ ಜಾಗ ಹೇಳುತ್ತೇನೆ. ಪೆಟ್ಟಿಗೆಯ ಎರಡೂ ಪಕ್ಕದ ನಡುಭಾಗ. ಹಿಂದಿನ ಅಚ್ಚಿನ ಹಿಂಬದಿ. ಪೆಟ್ಟಿಗೆ ಕೂರುವ ಅಡ್ಡ ದಿಮ್ಮಿ, ಅಂದರೆ ಬೋಲ್‌ಸ್ಟರ್, ಅದರ ಮುಖ. ಹತ್ತಿ ಕೂರಲು ಪಕ್ಕದಲ್ಲಿ ಎರಕದ ಮೆಟ್ಟಿಲು ಇದ್ದರೆ ಅದರ ಮೇಲೂ ಅಕ್ಷರ ಇರಬಹುದು. ಹಗಲಲ್ಲಿ ನೋಡಿದರೆ ಏನೂ ಕಾಣುವುದಿಲ್ಲ. ರಾತ್ರಿ ಹೋಗಿ ಕೊಟ್ಟಿಗೆ ದೀಪ ಆರಿಸಿ, ಟಾರ್ಚನ್ನು ಹಲಗೆಗೆ ಒರಗಿಸಿದ ಹಾಗೆ ಪಕ್ಕದಿಂದ ಬಿಡಿ. ಬಣ್ಣ ಉದುರಿದ್ದರೂ, ಅಕ್ಷರ ಇದ್ದ ಕಡೆ ಮರ ಕಡಿಮೆ ಸವೆದಿರುತ್ತದೆ, ಅಂಚು ನೆರಳಾಗಿ ಏಳುತ್ತದೆ. ಬಟ್ಟೆಗೆ ಹಾಕುವ ಸ್ಪ್ರೇ ಬಾಟಲಿಯಲ್ಲಿ ನೀರು ತುಂಬಿ ಮಂಜಿನ ಹಾಗೆ ಸ್ವಲ್ಪ ಹೊಡೆದರೆ ಮಾಸಿದ ಬಣ್ಣ ಒಂದು ನಿಮಿಷ ಎದ್ದು ಕಾಣುತ್ತದೆ. ಆಗಲೇ ಫೋಟೋ ತೆಗೆಯಿರಿ. ಉಜ್ಜಬೇಡಿ, ಸೋಪು ಹಾಕಬೇಡಿ.

ಎರಕದ ತುಂಡಿನ ಮೇಲೆ ಪೇಟೆಂಟ್ ಅಂತ ತಾರೀಖು ಸಿಕ್ಕಿದರೆ ಅದು ಗಾಡಿ ಮಾಡಿದ ವರ್ಷ ಅಂದುಕೊಳ್ಳಬೇಡಿ. ಆ ತಾರೀಖಿಗಿಂತ ಮುಂಚೆ ಮಾಡಿದ್ದಲ್ಲ ಅಂತಷ್ಟೇ ಅರ್ಥ. ಇನ್ನು, ಪಕ್ಕದ ಹಲಗೆ ಮೇಲೆ ಊರಿನ ಹೆಸರು ಸಮೇತ ಬರೆದಿದ್ದು ಎಷ್ಟೋ ಸಲ ಮಾಡಿದವರ ಹೆಸರಲ್ಲ, ಮಾರಿದ ಅಂಗಡಿಯವರ ಹೆಸರು. ಎರಡನ್ನೂ ಬೇರೆ ಬೇರೆ ಬರೆದಿಟ್ಟುಕೊಳ್ಳಿ.

ತೆನೆಹೊಲ:

ಅಕ್ಕಾ, ಆ ಒಂದು ಪಕ್ಕದ ಎತ್ತರದ ಹಲಗೆ ಓದಿ ತುಂಬಾ ಖುಷಿ ಆಯಿತು. ಇನ್ನೊಂದು ಪಕ್ಕದ್ದು ಮುರಿದಿಲ್ಲ. ಅದು ಇರುವುದೇ ಒಂದು ಪಕ್ಕ. ಅದನ್ನು ಬ್ಯಾಂಗ್‌ಬೋರ್ಡ್ ಅನ್ನುತ್ತಾರೆ.

ಯಂತ್ರ ಬರುವ ಮುಂಚೆ ಮುಸುಕಿನ ಜೋಳದ ತೆನೆಯನ್ನು ಹೊಲದಲ್ಲೇ ಕೈಯಿಂದ ಸುಲಿದು ಗಾಡಿಗೆ ಎಸೆಯುತ್ತಿದ್ದರು. ಸುಲಿಯುವವನು ಗಾಡಿಯ ಒಂದು ಪಕ್ಕ ಸಾಲು ಹಿಡಿದು ನಡೆಯುತ್ತಾನೆ. ಅಂಗೈಗೆ ಕಟ್ಟಿದ ಕೊಕ್ಕೆಯಿಂದ ಸಿಪ್ಪೆ ಸೀಳಿ, ತೆನೆ ಮುರಿದು, ಗಾಡಿ ಕಡೆ ನೋಡದೆ ಎಸೆಯುತ್ತಾನೆ. ಕಣ್ಣು ಅಷ್ಟರಲ್ಲಿ ಮುಂದಿನ ತೆನೆ ಮೇಲೆ. ತೆನೆ ಎದುರು ಪಕ್ಕದ ಎತ್ತರದ ಹಲಗೆಗೆ ಧಡ್ ಅಂತ ಬಡಿದು ಒಳಗೆ ಬೀಳುತ್ತದೆ. ಕುದುರೆಗಳು ಅವನ ದನಿ ಕೇಳಿಯೇ ನಾಲ್ಕು ಹೆಜ್ಜೆ ಮುಂದೆ ಹೋಗಿ ನಿಲ್ಲುತ್ತವೆ, ಹಗ್ಗ ಹಿಡಿಯುವವರು ಬೇಕಿಲ್ಲ. ಇದಕ್ಕೆ ಪೈಪೋಟಿಯೂ ನಡೆಯುತ್ತಿತ್ತು. 1924ರಿಂದ 1941ರ ತನಕ ದೇಶದ ಮಟ್ಟದ ಸ್ಪರ್ಧೆ, 80 ನಿಮಿಷದಲ್ಲಿ ಯಾರು ಜಾಸ್ತಿ ಸುಲಿದು ತುಂಬುತ್ತಾರೆ ಅಂತ. ಟ್ರಾಕ್ಟರಿಗೆ ಕಟ್ಟುವ ಯಂತ್ರ ಎಲ್ಲಾ ಕಡೆ ಬಂದಮೇಲೆ ಕೈಸುಲಿತ ನಿಂತಿತು.

ಆ ಹಲಗೆಗಳ ಒಳಮೈ ಮುಟ್ಟಿ ನೋಡಿ. ನಮ್ಮ ಹತ್ತಿರ ಇರುವುದರಲ್ಲಿ ಎದೆಮಟ್ಟದಲ್ಲಿ ಮರ ನಯವಾಗಿ ತಗ್ಗು ಬಿದ್ದಿದೆ, ಮೇಲೆ ಕೆಳಗೆ ಒರಟಾಗಿಯೇ ಉಳಿದಿದೆ. ತೆನೆ ಬಡಿದೂ ಬಡಿದೂ ಆಗಿದ್ದು ಅದು. ನಿಮ್ಮದರಲ್ಲೂ ಹಾಗಿದ್ದರೆ, ಆ ಹಲಗೆ ಆಮೇಲೆ ಯಾರೋ ಸುಮ್ನೆ ಸಿಕ್ಕಿಸಿದ್ದಲ್ಲ, ಈ ಗಾಡಿ ನಿಜವಾಗಿ ತೆನೆ ಹೊತ್ತಿದ್ದು ಅಂತ ನಂಬಬಹುದು. ಬ್ಯಾಂಗ್‌ಬೋರ್ಡ್ ಸಮೇತ ಉಳಿದಿರುವ ಗಾಡಿ ಕಡಿಮೆ. ಹಲಗೆ ಬಿಚ್ಚಿ ಬೇರೆ ಕೆಲಸಕ್ಕೆ ಬಳಸಿಬಿಡುತ್ತಿದ್ದರು.

ನಿಮ್ಮ ಅಳತೆಗೆ ಲೆಕ್ಕ ಹಾಕಿದೆ. ಪೆಟ್ಟಿಗೆ ಸುಮಾರು 72 ಘನ ಅಡಿ. ಒಂದು ಬುಷೆಲ್ ಅಂದರೆ 1.2445 ಘನ ಅಡಿ. ಅಂದರೆ ಅಂಚಿನ ಮಟ್ಟಕ್ಕೆ ಹತ್ತಿರ ಹತ್ತಿರ 58 ಬುಷೆಲ್ ಕಾಳು. ಗೋಧಿ ಬುಷೆಲ್‌ಗೆ 60 ಪೌಂಡ್, ಹಾಗಾದರೆ ತುಂಬಿದ ಗಾಡಿಯಲ್ಲಿ 3,480 ಪೌಂಡ್, ಒಂದೂವರೆ ಟನ್ನಿಗಿಂತ ಜಾಸ್ತಿ. ತೆನೆಯಾದರೆ ಜಾಗ ಎರಡರಷ್ಟು ತಿನ್ನುತ್ತದೆ, ಒಂದು ಬುಷೆಲ್ ಕಾಳು ಸಿಗುವಷ್ಟು ತೆನೆಗೆ ಎರಡೂವರೆ ಘನ ಅಡಿ ಹಿಡಿಯುತ್ತಾರೆ, ಅಂದರೆ 28, 29 ಬುಷೆಲ್ ಅಷ್ಟೇ. ಅಗಲ 38 ಇಂಚು, ಉದ್ದ ಹತ್ತೂವರೆ ಅಡಿ ಅನ್ನುವುದು ತುಂಬಾ ರೂಢಿಯಲ್ಲಿದ್ದ ಅಳತೆ. ನಿಮ್ಮದು ಯಾರೋ ಮನೆಯಲ್ಲಿ ಬಡಿದುಕೊಂಡ ಪೆಟ್ಟಿಗೆ ಅಲ್ಲ, ಕಂಪನಿಯದೇ ಇರಬೇಕು.

ಪೆನ್ಸಿಲ್ ಗೆರೆ ಮಾತ್ರ ದಯವಿಟ್ಟು ಒರೆಸಬೇಡಿ. ಒದ್ದೆ ಬಟ್ಟೆ ಕೂಡ ತಾಗಿಸಬೇಡಿ. ಎಷ್ಟು ಗಾಡಿ ಹೋಯಿತು ಅಂತ ಲೆಕ್ಕ ಇಟ್ಟಿರಬೇಕು.

ಎರಡುಕುದುರೆ:

ನಾನು ಇಂಥದೇ ಒಂದು ಗಾಡಿಗೆ ಕುದುರೆ ಕಟ್ಟಿ ಓಡಿಸುತ್ತೇನೆ, ಮೆರವಣಿಗೆಗೂ ಒಯ್ಯುತ್ತೇನೆ. ಬೆಲೆ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದರೆ "ಇದು ಎಷ್ಟು ಬಾಳುತ್ತದೆ" ಅಂತ ಕೇಳಿದರೆ ಯಾರೂ ಒಂದು ಅಂಕಿ ಹೇಳೋಕಾಗುವುದಿಲ್ಲ, ಹೇಳಿದರೆ ನಂಬಲೂಬಾರದು.

ಕೊಳ್ಳುವವರು ಮೂರು ಥರ. ಅಲಂಕಾರಕ್ಕೆ ಒಯ್ಯುವವರಿಗೆ ದೂರದಿಂದ ಚೆಂದ ಕಂಡರೆ ಸಾಕು. ನನ್ನಂಥವರಿಗೆ ಗಾಲಿ, ಅಚ್ಚು ಗಟ್ಟಿ ಇರಬೇಕು, ಬಣ್ಣ ಹೇಗಿದ್ದರೂ ಸರಿ, ಯಾಕಂದರೆ ಮೇಲೆ ಜನ ಕೂರುತ್ತಾರೆ. ಸಂಗ್ರಹ ಮಾಡುವವರಿಗೆ ಕಾರ್ಖಾನೆಯಲ್ಲಿ ಹೊಡೆದ ಬಣ್ಣ, ಹೆಸರು, ಎಲ್ಲಾ ಭಾಗ ಒಂದೇ ಗಾಡಿಯದ್ದು ಅನ್ನುವುದು ಮುಖ್ಯ. ಒಳ್ಳೇ ಬೆಲೆ ಕೊಡುವವರು ಸಾಮಾನ್ಯವಾಗಿ ಈ ಕೊನೆಯವರು. ನಿಮ್ಮ ಮನೆಗೆ ಬಂದವರು ಮೊದಲನೆಯವರು. ಅದಕ್ಕೇ ಅವರಿಗೆ ಪೆಟ್ಟಿಗೆ ಬೇಡವಾಗಿದ್ದು. ಅವರು ಹೇಳಿದ್ದು ಗಾಲಿಯ ಬೆಲೆ, ಗಾಡಿಯ ಬೆಲೆ ಅಲ್ಲ.

ಗಾಲಿ ನೀವೇ ಪರೀಕ್ಷೆ ಮಾಡಬಹುದು. ಗಾಲಿಯ ಮೇಲ್ತುದಿ ಎರಡೂ ಕೈಯಲ್ಲಿ ಹಿಡಿದು ನಿಮ್ಮ ಕಡೆಗೆ ಎಳೆದು ತಳ್ಳಿ. ಅರೆಕಾಲು, ಅಂದರೆ ಗುಂಬದಿಂದ ಗಾಲಿಯ ಅಂಚಿಗೆ ಹೋಗುವ ಮರದ ಕಡ್ಡಿ, ಗುಂಬದೊಳಗೆ ಅಲುಗಾಡಿದರೆ ಕಿವಿಗೇ ಕೇಳುತ್ತದೆ, ಕರ್ ಕರ್ ಅನ್ನುತ್ತದೆ. ಆಮೇಲೆ ಸಣ್ಣ ಮರದ ಸುತ್ತಿಗೆಯಿಂದ ಒಂದೊಂದೇ ಅರೆಕಾಲನ್ನು ಮೆಲ್ಲಗೆ ತಟ್ಟಿ. ಗಟ್ಟಿ ಇದ್ದರೆ ಟಣ್ ಅನ್ನುತ್ತದೆ, ಒಳಗೆ ಲಡ್ಡಾಗಿದ್ದರೆ ತೊಪ್ ಅನ್ನುತ್ತದೆ. ಹದಿನಾಲ್ಕರಲ್ಲಿ ಎರಡು ತೊಪ್ ಅಂದರೂ ಗೊತ್ತಾಗಿಬಿಡುತ್ತದೆ, ಅಷ್ಟು ವ್ಯತ್ಯಾಸ. ಹೊರಗಿನ ಕಬ್ಬಿಣದ ಪಟ್ಟಿಗೂ ಮರಕ್ಕೂ ನಡುವೆ ಬೆರಳುಗುರು ಹೋಗುತ್ತದಾ ನೋಡಿ. ನೆಲಕ್ಕೆ ತಾಗಿಕೊಂಡಿದ್ದ ಭಾಗ ವಿಶೇಷವಾಗಿ ನೋಡಿ, ಲಡ್ಡು ಶುರುವಾಗುವುದು ಅಲ್ಲೇ. ಸ್ಕೀನ್ ಹಿಂದೆ ಅಚ್ಚಿನ ಮರಕ್ಕೆ ದಬ್ಬಳ ಚುಚ್ಚಿ ನೋಡಿ, ಕಬ್ಬಿಣದ ಕವಚದೊಳಗೆ ನೀರು ನಿಂತು ಮರ ಪುಡಿಯಾಗಿರುತ್ತದೆ, ಹೊರಗಿಂದ ಕಾಣುವುದಿಲ್ಲ.

ಗಾಲಿ ಕಳಚುವುದಾದರೆ ಎಚ್ಚರ. ಎಡಪಕ್ಕದ ನಟ್‌ಗಳ ತಿರುಪು ಉಲ್ಟಾ ಇರುತ್ತದೆ. ಗಾಡಿ ಮುಂದೆ ಓಡುವಾಗ ಗಾಲಿ ತಿರುಗಿ ನಟ್ ತಾನಾಗೇ ಬಿಚ್ಚಿಕೊಳ್ಳಬಾರದು ಅಂತ ಹಾಗೆ ಮಾಡಿದ್ದು. ಇದು ಗೊತ್ತಿಲ್ಲದೆ ಉದ್ದ ಪೈಪ್ ಹಾಕಿ ಎಳೆದು ಎರಕದ ಸ್ಕೀನ್ ತುದಿಯನ್ನೇ ಮುರಿದವರಿದ್ದಾರೆ.

ಮೂಕಿ ಕೊಯ್ದಿದ್ದು ದೊಡ್ಡ ದೋಷವಲ್ಲ. ಟ್ರಾಕ್ಟರ್ ಬಂದಮೇಲೆ ಎಲ್ಲರೂ ಹಾಗೇ ಮಾಡಿದರು. ಹೊಸ ಮೂಕಿ ಹಾಕುವುದು ಗಾಲಿ ಕಟ್ಟುವುದಕ್ಕಿಂತ ಎಷ್ಟೋ ಸುಲಭ. ಆ ತುಂಡಾದ ಮೂಕಿ ಮಾತ್ರ ಬಿಸಾಡಬೇಡಿ.

ಗಾಲಿಕೆಲಸ ಅವರು ಬಣ್ಣದ ಬಗ್ಗೆ ಇನ್ನೂ ಹೇಳಿಲ್ಲ, ಅವರು ಬೈಯುತ್ತಾರೇನೋ, ಆದರೂ ಹೇಳುತ್ತೇನೆ. ನಾನು ನನ್ನ ಗಾಡಿಗೆ ಹೊಸ ಬಣ್ಣ ಹೊಡೆದೆ. ರಸ್ತೆಗೆ ಇಳಿಸುವ ಗಾಡಿ, ಮಳೆ ಬಿಸಿಲಿಗೆ ಮರ ಉಳಿಯಬೇಕಲ್ವಾ.

ಗಾಲಿಕೆಲಸ:

ಬೈಯುವುದಿಲ್ಲ. ನಿಮ್ಮದು ದುಡಿಯುವ ಗಾಡಿ, ನೀವು ಮಾಡಿದ್ದು ಸರಿ. ಆದರೆ ಮೇಡಂ ಅವರದು ಇಷ್ಟು ವರ್ಷ ಸೂರಿನ ಕೆಳಗೆ ಉಳಿದದ್ದು. ಮೂಲ ಬಣ್ಣ ಒಂದು ಸಲ ಹೋದರೆ ಮತ್ತೆ ತರೋಕಾಗುವುದಿಲ್ಲ. ಅದೂ ಅಲ್ಲದೆ ಆ ಕಾಲದ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ತುಂಬಾ ಜಾಸ್ತಿ, ಕೆಂಪಿನಲ್ಲಂತೂ ಇನ್ನೂ ಜಾಸ್ತಿ. ಒಣಗಿದ್ದನ್ನು ಸ್ಯಾಂಡ್‌ಪೇಪರ್ ಹಾಕಿ ಉಜ್ಜಿದರೆ ಆ ಧೂಳು ಮನೆಯೊಳಗೆ ಬರುತ್ತದೆ. ಮಕ್ಕಳಿದ್ದರೆ ಗಾಡಿ ಮುಟ್ಟಿದಮೇಲೆ ಕೈ ತೊಳೆಸಿ.

ಗಾಲಿ ಸಡಿಲ ಇದೆ ಅಂತ ಯಾರಾದರೂ "ರಾತ್ರಿ ಪೂರ್ತಿ ನೀರಲ್ಲಿ ನೆನೆಸಿ" ಅಂದರೆ ಕೇಳಬೇಡಿ. ಮರ ಉಬ್ಬಿ ಬಿಗಿಯಾದ ಹಾಗೆ ಕಾಣುತ್ತದೆ. ಕಬ್ಬಿಣದ ಪಟ್ಟಿ ಹಿಗ್ಗುವುದಿಲ್ಲವಲ್ಲ, ಮರದ ನಾರು ಒಳಗೇ ಜಜ್ಜಿಹೋಗುತ್ತದೆ. ಒಣಗಿದಮೇಲೆ ಮೊದಲಿಗಿಂತ ಸಡಿಲ. ಅಗಸೆ ಎಣ್ಣೆ ಬಳಿಯಿರಿ ಅಂತಲೂ ಹೇಳುತ್ತಾರೆ. ಅದು ಹಳೇ ಬಣ್ಣವನ್ನು ಕಪ್ಪು ಮಾಡುತ್ತದೆ, ಧೂಳು ಹಿಡಿಯುತ್ತದೆ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಬಿಟ್ಟರೆ ತಾನಾಗೇ ಬಿಸಿಯಾಗಿ ಹೊತ್ತಿಕೊಳ್ಳುತ್ತದೆ, ಹುಲ್ಲಿರುವ ಕೊಟ್ಟಿಗೆಯಲ್ಲಿ ಆ ಕೆಲಸವೇ ಬೇಡ.

ಸದ್ಯಕ್ಕೆ ಮಾಡಬೇಕಾದ್ದು ಇಷ್ಟೇ. ಅಚ್ಚಿನ ಕೆಳಗೆ ಗಟ್ಟಿ ದಿಮ್ಮಿ ಕೊಟ್ಟು ಗಾಲಿಗಳನ್ನು ನೆಲದಿಂದ ಮೇಲೆತ್ತಿ. ಪ್ಲಾಸ್ಟಿಕ್ ಹೊದಿಸಬೇಡಿ, ಒಳಗೆ ಬೆವರುತ್ತದೆ. ಸ್ಕೀನ್ ಮೇಲೆ ಹಳೇ ಕೀಲೆಣ್ಣೆ ಗಟ್ಟಿಯಾಗಿ ಕೂತಿದ್ದರೆ ಕೂತಿರಲಿ.

ಹಳೇಕೊಟ್ಟಿಗೆ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ರಾತ್ರಿ ಟಾರ್ಚ್ ತಗೊಂಡು ಹೋಗಿದ್ದೆ. ನಮ್ಮವರು ನೀರು ಹೊಡೆದರು, ನಾನು ಫೋಟೋ ತೆಗೆದೆ. ಪಕ್ಕದ ಹಲಗೆಯಲ್ಲಿ ದೊಡ್ಡ ಅಕ್ಷರದ ಕೊನೆ ಎರಡು ಕಾಣಿಸಿತು, ಇ ಮತ್ತು ಆರ್. ಹಿಂದಿನ ಅಚ್ಚಿನ ಮೇಲೆ ಸಣ್ಣ ಅಕ್ಷರದಲ್ಲಿ ಶಿಕಾಗೋ ಅಂತ ಪೂರ್ತಿ ಓದೋಕಾಯಿತು! ಕೈ ನಡುಗಿ ಮೊದಲ ಫೋಟೋ ಮಬ್ಬಾಯಿತು.

ಬ್ಯಾಂಗ್‌ಬೋರ್ಡ್ ಒಳಗಡೆ ಮುಟ್ಟಿ ನೋಡಿದೆ. ಹೌದು, ನಡುವೆ ನುಣುಪು. ಕೈ ಆಡಿಸಿದರೆ ಎಲ್ಲಿ ಶುರು, ಎಲ್ಲಿ ಮುಗಿಯುತ್ತದೆ ಅಂತ ಗೊತ್ತಾಗುತ್ತದೆ.

ಗಾಲಿ ತಟ್ಟಿದೆವು. ಮೂರು ಗಾಲಿ ಎಲ್ಲಾ ಟಣ್. ಹಿಂದಿನ ಬಲಗಾಲಿಯಲ್ಲಿ ನೆಲದ ಕಡೆ ಇದ್ದ ಎರಡು ಅರೆಕಾಲು ತೊಪ್ ಅಂದವು.

ಗಾಲಿಕೆಲಸ:

ಶಿಕಾಗೋ, ಕೊನೆಗೆ ಇ ಆರ್. ಹಾಗಾದರೆ ನನ್ನ ತಲೆಗೆ ಬರುವುದು ಎರಡು ಹೆಸರು. ವೆಬರ್, ಇಲ್ಲಾ ಪೀಟರ್ ಷಟ್ಲರ್. ಎರಡೂ ಶಿಕಾಗೋದವು, ಎರಡೂ ಒಳ್ಳೇ ಹೆಸರು. ಷಟ್ಲರ್ 1843ರಲ್ಲಿ ಶುರುವಾದದ್ದು. ಅಕ್ಷರದ ಅಗಲ ಅಳೆದು ನೋಡಿ. ಇ ಮತ್ತು ಆರ್ ಎರಡೂ ಸೇರಿ ಎಷ್ಟು ಇಂಚು? ಹಲಗೆಯ ನಡುವಿನಿಂದ ಅವು ಎಷ್ಟು ದೂರ? ಹೆಸರನ್ನು ನಡುವೆ ಬರುವ ಹಾಗೆ ಬರೆಯುತ್ತಾರೆ. ವೆಬರ್‌ಗೆ ಇಂಗ್ಲಿಷಿನಲ್ಲಿ ಐದೇ ಅಕ್ಷರ, ಷಟ್ಲರ್‌ಗೆ ಒಂಬತ್ತು, ಮುಂದೆ ಪೀಟರ್ ಬೇರೆ. ಸಾಲು ಎಲ್ಲಿ ಶುರುವಾಗಿರಬೇಕು ಅಂತ ಅದರಿಂದಲೇ ಹೇಳಬಹುದು.

ವೆಬರ್ ಆದರೆ ಇನ್ನೊಂದು ಗುರುತು ಹುಡುಕಿ. ಆ ಕಂಪನಿ ಆಮೇಲೆ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕೈಗೆ ಹೋಯಿತು. ಹಾರ್ವೆಸ್ಟರ್ ಕಂಪನಿ ಹುಟ್ಟಿದ್ದೇ 1902ರಲ್ಲಿ. ಗಾಡಿಯ ಮೇಲೆ ಎಲ್ಲಾದರೂ ಅವರ ಐ ಎಚ್ ಸಿ ಗುರುತು ಸಿಕ್ಕರೆ, ಗಾಡಿ ಅದಕ್ಕಿಂತ ಈಚಿನದು ಅಂತ ಖಾತ್ರಿ. ಸಿಗದಿದ್ದರೆ ಹಳೆಯದು ಅಂತ ಹೇಳೋಕಾಗುವುದಿಲ್ಲ, ಅಳಿಸಿಹೋಗಿರಬಹುದು.

ಪೆಟ್ಟಿಗೆ ಮತ್ತು ಕೆಳಗಿನ ಚೌಕಟ್ಟು ಒಂದೇ ಗಾಡಿಯದ್ದಾ ಅಂತಲೂ ನೋಡಬೇಕು. ಪೆಟ್ಟಿಗೆಯನ್ನು ಮೊಳೆ ಹೊಡೆದು ಕೂರಿಸಿರುವುದಿಲ್ಲ, ಬೋಲ್‌ಸ್ಟರ್‌ನ ಎರಡು ಗೂಟಗಳ ನಡುವೆ ಸುಮ್ನೆ ಕೂತಿರುತ್ತದೆ. ಆದ್ದರಿಂದ ಹೊಲದವರು ಅದಲುಬದಲು ಮಾಡುತ್ತಲೇ ಇದ್ದರು. ಪೆಟ್ಟಿಗೆಯ ತಳದಲ್ಲಿ ಬೋಲ್‌ಸ್ಟರ್ ಒತ್ತಿದ ಗುರುತು ಒಂದೇ ಜಾಗದಲ್ಲಿ ಆಳವಾಗಿದ್ದರೆ ಒಳ್ಳೆಯದು. ಎರಡು ಜೊತೆ ಗುರುತು ಇದ್ದರೆ ಅದು ಬೇರೆ ಗಾಡಿಯ ಮೇಲೂ ಕೂತಿತ್ತು.

ಕಬ್ಬಿಣದತೊಟ್ಟಿ:

ಈ ಮಾತಿನ ನಡುವೆ ನಂದೊಂದು. ನಮ್ಮಲ್ಲಿರುವುದು ಕಬ್ಬಿಣದ ಇಳಿಜಾರು ತಳದ ತೊಟ್ಟಿ, ರಬ್ಬರ್ ಟೈರಿನದ್ದು. ಪಕ್ಕದ ಬಾಗಿಲು ಎತ್ತಿದರೆ ಕಾಳು ತಾನಾಗೇ ಸುರಿಯುತ್ತದೆ. ಇದಕ್ಕೂ ಹೀಗೇ ಹುಡುಕಬೇಕಾ?

ಎರಡುಕುದುರೆ:

ಅದಕ್ಕೆ ಸುಲಭ. ತೊಟ್ಟಿಗೆ ಒಂದು ಫಲಕ, ಕೆಳಗಿನ ಚೌಕಟ್ಟಿಗೆ ಇನ್ನೊಂದು ಫಲಕ ಹುಡುಕಿ, ಎರಡೂ ಬೇರೆ ಕಂಪನಿಯದ್ದಾಗಿರುವುದೇ ಜಾಸ್ತಿ. ಆದರೆ ಅದರ ಬೆಲೆ ಹಳೆಯದು ಅನ್ನುವುದರಲ್ಲಿಲ್ಲ, ಇವತ್ತು ಕೆಲಸ ಮಾಡುತ್ತದಾ ಅನ್ನುವುದರಲ್ಲಿದೆ. ತಳ ತುಕ್ಕು ಹಿಡಿದು ತೂತಾಗಿದೆಯಾ, ಬಾಗಿಲು ಬಿಗಿ ಇದೆಯಾ, ಟೈರ್ ಸೀಳಿದೆಯಾ ನೋಡಿ. ಒಂದು ಮಾತು, ಕಾಳು ಸುರಿಯುವಾಗ ಮಕ್ಕಳನ್ನು ಒಳಗೆ ಬಿಡಲೇಬೇಡಿ. ಕಾಳು ಎಳೆದುಕೊಂಡರೆ ದೊಡ್ಡವರಿಗೂ ಬಿಡಿಸಿಕೊಳ್ಳೋಕಾಗುವುದಿಲ್ಲ.

ಹಳೇಕೊಟ್ಟಿಗೆ ಅವರಿಗೆ: ಒಂದೇ ಒಂದು ಗಾಲಿಯಲ್ಲಿ ಎರಡು ಅರೆಕಾಲು ಅಂದರೆ ತುಂಬಾ ಒಳ್ಳೇ ಸ್ಥಿತಿ. ಆಮಿಶ್ ಅನ್ನುವ ಕ್ರೈಸ್ತ ಪಂಗಡದ ಜನ ಇನ್ನೂ ಕುದುರೆ ಕಟ್ಟಿಯೇ ಬದುಕುವುದರಿಂದ ಅವರಲ್ಲಿ ಗಾಲಿ ಕೆಲಸದವರು ಸಿಗುತ್ತಾರೆ. ಮಾರುವ ಯೋಚನೆ ಇದ್ದರೆ ರಿಪೇರಿ ಮಾಡಿಸದೆ ಇದ್ದ ಹಾಗೇ ತೋರಿಸಿ, ದೋಷ ಮುಚ್ಚಿಡಬೇಡಿ. ಬೆಲೆಗೆ, ಜನ ಜಾಹೀರಾತಿನಲ್ಲಿ ಕೇಳುವ ಮೊತ್ತ ನೋಡಬೇಡಿ, ಅದು ಆಸೆ ಅಷ್ಟೇ. ಕುದುರೆ ಗಾಡಿ ಸಾಮಾನುಗಳ ಹರಾಜಿನಲ್ಲಿ ಕೊನೆಗೆ ಎಷ್ಟಕ್ಕೆ ಹೋಯಿತು ಅನ್ನುವುದನ್ನು ನೋಡಿ. ಅದೇ ಹೆಸರು, ಮೂಲ ಬಣ್ಣ, ಮರದ ಗಾಲಿ, ಪೆಟ್ಟಿಗೆ ಸಮೇತ, ಈ ನಾಲ್ಕೂ ಹೊಂದುವಂಥವನ್ನು ಮಾತ್ರ ಲೆಕ್ಕಕ್ಕೆ ಹಿಡಿಯಿರಿ. ಅದರಲ್ಲಿ ಸಾಗಿಸುವ ಖರ್ಚು ಕಳೆಯಬೇಕು. ಪೆಟ್ಟಿಗೆ ಎತ್ತಿ, ನಡುವಿನ ಉದ್ದ ಮರದ ಕೀಲು ತೆಗೆದರೆ ಮುಂದಿನ ಅಚ್ಚು ಹಿಂದಿನ ಅಚ್ಚು ಬೇರೆಯಾಗುತ್ತವೆ, ಸಣ್ಣ ಟ್ರೇಲರ್‌ನಲ್ಲೂ ಹೋಗುತ್ತದೆ.

ಹಳೇಕೊಟ್ಟಿಗೆ:

ಅಳೆದೆ. ಇ ಮತ್ತು ಆರ್ ಸೇರಿ 11 ಇಂಚು. ಹಲಗೆಯ ನಡುವಿನಿಂದ ಆರ್‌ನ ಕೊನೆಗೆ 14 ಇಂಚು. ಅಂದರೆ ಇಡೀ ಹೆಸರು 28 ಇಂಚಿನ ಆಸುಪಾಸು. ಐದು ಅಕ್ಷರ ಸರಿಯಾಗಿ ಕೂರುತ್ತದೆ, ಒಂಬತ್ತು ಕೂರುವುದಿಲ್ಲ. ಆ ಲೆಕ್ಕದಲ್ಲಿ ಶುರುವಿನ ಜಾಗಕ್ಕೆ ಟಾರ್ಚ್ ಹಿಡಿದು ಮತ್ತೆ ನೋಡಿದೆವು. ಡಬ್ಲ್ಯೂನ ಎಡಗಾಲು ಇದೆ! ಓರೆಯಾಗಿ, ಸ್ಪಷ್ಟವಾಗಿ. ಐ ಎಚ್ ಸಿ ಗುರುತು ಎಲ್ಲೂ ಸಿಕ್ಕಿಲ್ಲ, ಪೆಟ್ಟಿಗೆ ಎತ್ತಿದಾಗ ಕೆಳಗೆ ಹುಡುಕುತ್ತೇನೆ. ತಳದಲ್ಲಿ ಒಂದೇ ಜೊತೆ ಒತ್ತಿದ ಗುರುತು ಇದೆ, ಬೆರಳಿಗೆ ಸಿಗುವಷ್ಟು ಆಳ.

ಗಾಲಿ ಕೇಳಿದವರಿಗೆ ಫೋನ್ ಮಾಡಿ ಕೊಡುವುದಿಲ್ಲ ಅಂದೆ. ನಮ್ಮವರೇ ಮಾಡಿ ಅಂದರು. ಈ ಭಾನುವಾರ ಅಚ್ಚಿನ ಕೆಳಗೆ ದಿಮ್ಮಿ ಕೊಡುತ್ತೇವೆ.

ಪೆನ್ಸಿಲ್ ಗೆರೆ ಎಣಿಸಿದೆ. ಐದರ ಕಟ್ಟು ಎಂಟು, ಮೇಲೆ ಮೂರು. 43. ಕೊನೆಯ ಸಾಲು ಅರ್ಧಕ್ಕೇ ನಿಂತಿದೆ. ಗಾಡಿಗೆ 28 ಬುಷೆಲ್ ತೆನೆ ಅಂತ ಹಿಡಿದರೆ 1,204 ಬುಷೆಲ್ ಆಗುತ್ತದೆ. ಅಷ್ಟೂ ಒಬ್ಬರೇ ಕೈಯಲ್ಲಿ ಸುಲಿದಿದ್ದಾ?

ತೆನೆಹೊಲ:

ಒಬ್ಬರೇ ಇರಬಹುದು, ಇಬ್ಬರೂ ಇರಬಹುದು. ಒಳ್ಳೇ ಕೈಯವರು ದಿನಕ್ಕೆ ಎರಡು ಗಾಡಿ ತುಂಬುತ್ತಿದ್ದರು, ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು. ಗೆರೆಗಳ ದಪ್ಪ ನೋಡಿ ಅಕ್ಕಾ, ಜೋಡಿ ಜೋಡಿಯಾಗಿ ಒಂದೇ ಥರ ಇದ್ದಾವಾ? ಪೆನ್ಸಿಲ್ ಮೊಂಡಾಗಿ ಚೂಪಾಗಿ ಬದಲಾಗಿದ್ದರೆ ದಿನ ಬದಲಾಗಿದ್ದೂ ಗೊತ್ತಾಗಬಹುದು. ಹತ್ತಿರದಿಂದ ಒಂದು ಫೋಟೋ ಹಾಕಿ.